ಅರ್ಧ ಬಿಸಿಲು ಕಂಡ ಗಾಜು

ಫೆಬ್ರುವರಿ 3, ಸೋಮವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ ಇದೆ. ಒತ್ತುಗಳು ಕೈಗೆ ಸಿಗುವುದಿಲ್ಲ, ದೀರ್ಘ ಬೇಕಾದ ಕಡೆ ಬರುವುದಿಲ್ಲ. ಐದನೆಯ ತರಗತಿ ಮುಗಿಸಿ ಶಾಲೆ ಬಿಟ್ಟವಳು ನಾನು. ಈ ಪುಸ್ತಕ ಓದುವವಳೂ ನಾನೊಬ್ಬಳೇ ಆದ್ದರಿಂದ ಕ್ಷಮೆಯನ್ನು ನನ್ನನ್ನೇ ಕೇಳಿಕೊಳ್ಳಬೇಕು. ಕ್ಷಮಿಸಿದ್ದೇನೆ.

ಪುಸ್ತಕ ಅಕ್ಕನದು. ಮೊದಲ ಒಂಬತ್ತು ಹಾಳೆ ಹರಿದು ಕಸದ ಬುಟ್ಟಿಗೆ ಹಾಕಿದ್ದರು. ಕೇಳಿದ್ದಕ್ಕೆ, "ತಗೋ, ಅದಕ್ಕೂ ಕೇಳ್ಬೇಕಾ?" ಅಂದರು. ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಈ ಲ್ಯಾಬಿನಲ್ಲಿ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಾರೆ. ಮೇಡಂ ಅಂದರೆ ಸಿಟ್ಟಾಗುತ್ತಾರೆ.

ನನ್ನ ಕೆಲಸ ತೊಳೆಯುವುದು. ಬೀಕರು, ಬಾಟಲಿ, ಮತ್ತೆ ಬೆರಳುದ್ದದ ತೆಳು ಗಾಜಿನ ತುಂಡುಗಳು. ಅವಕ್ಕೆ ಸ್ಲೈಡು ಅನ್ನುತ್ತಾರೆ. ಮೊದಲು ಬರಿಯ ಸ್ಲೈಡು ತೊಳೆಯಬೇಕು. ಅಕ್ಕ ಅದರ ಮೇಲೆ ಸತುವಿನ ಬಿಳಿ ಪದರ ಕೂರಿಸಿದ ಮೇಲೆ ಮತ್ತೆ ಭಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಬೇಕು. ದಿನಕ್ಕೆ ಅರವತ್ತು, ಎಪ್ಪತ್ತು. ಸಂಜೆಯ ಹೊತ್ತಿಗೆ ಬೆರಳ ತುದಿಗಳು ನೆನೆದು ಮುದುಕಿಯ ಬೆರಳಿನಂತಾಗುತ್ತವೆ.

ಊಟದ ಹೊತ್ತಿನಲ್ಲಿ ಮೆಟ್ಟಿಲ ತಿರುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಾತಾಡಲು ಯಾರೂ ಇಲ್ಲ ಎಂದಲ್ಲ. ಇದ್ದರೂ ನಾನು ಆಡುವುದಿಲ್ಲ.

ಫೆಬ್ರುವರಿ 4, ಮಂಗಳವಾರ

ಇವತ್ತು ಅಕ್ಕ ಖುಷಿಯಲ್ಲಿದ್ದರು. "ಬಾ ಇಲ್ಲಿ, ನೀನು ತೊಳೆದದ್ದನ್ನ ನೀನೇ ನೋಡು" ಎಂದು ಕರೆದರು.

ಸ್ಲೈಡಿನ ಮೇಲೆ ಸೂಜಿಯಿಂದ ಒಂದೇ ಒಂದು ಹನಿ ನೀರು ಬಿಡುತ್ತಾರೆ. ಪಕ್ಕದಲ್ಲಿ ಕ್ಯಾಮೆರಾ. ಕಂಪ್ಯೂಟರಿನಲ್ಲಿ ಹನಿ ದೊಡ್ಡದಾಗಿ ಕಾಣುತ್ತದೆ. ಅವರ ಬಳಿ ಎರಡು ಥರದ ಸ್ಲೈಡುಗಳಿವೆ. ಒಂದು ಬಾಟಲಿಯವು: ಸತು ಕರಗಿಸಿದ ಬಿಸಿನೀರಿನ ಬಾಟಲಿಯಲ್ಲಿ ಸ್ಲೈಡನ್ನು ಆರು ಗಂಟೆ ತಲೆಕೆಳಗಾಗಿ ಇಳಿಬಿಡುತ್ತಾರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳು ಹುಲ್ಲಿನಂತೆ ಬೆಳೆಯುತ್ತವಂತೆ. ಇನ್ನೊಂದು ಯಂತ್ರದವು: ಡ್ರಮ್ಮಿನಂಥ ಯಂತ್ರದೊಳಗಿನ ಗಾಳಿಯನ್ನೆಲ್ಲ ಎಳೆದುಹಾಕಿ, ಸತುವನ್ನು ಧೂಳಿನಂತೆ ಗಾಜಿನ ಮೇಲೆ ಕೂರಿಸುತ್ತಾರೆ. ಅದು ನುಣ್ಣಗಿನ ಹಾಸು.

ಬಾಟಲಿಯ ಸ್ಲೈಡಿನ ಮೇಲೆ ಹನಿ ಬಿದ್ದದ್ದೇ ತಡ, ಚಪ್ಪಟೆಯಾಗಿ ಹರಡಿ ಮಾಯವಾಯಿತು. ಯಂತ್ರದ್ದರ ಮೇಲೆ ಮಣಿಯಂತೆ ಕೂತಿತು.

"ಐದು ತಿಂಗಳಿಂದ ಹೀಗೇ. ಪದರ ಹೇಗೆ ಕೂರಿಸ್ತೀವಿ ಅನ್ನೋದರ ಮೇಲೆ ಅದು ನೀರನ್ನ ಕರೆಯುತ್ತಾ, ದೂರ ಇಡುತ್ತಾ ಅನ್ನೋದು ನಿಂತಿದೆ. ನನ್ನ ಥೀಸಿಸ್ ಇಷ್ಟೇ ಕಣೆ. ಮಾರ್ಚ್ ಕೊನೆಗೆ ಕೊಟ್ಟುಬಿಟ್ರೆ ಈ ಕಟ್ಟಡದ ಮುಖ ನೋಡಲ್ಲ."

ಯಂತ್ರ ನೋಡಿಕೊಳ್ಳುವವರು, ಪಂಪುಗಳನ್ನು ಸದಾ ಬಿಚ್ಚುತ್ತ ಇರುತ್ತಾರೆಂದು ಎಲ್ಲರೂ ಪಂಪಣ್ಣ ಅನ್ನುತ್ತಾರೆ, ಅಲ್ಲೇ ನಿಂತಿದ್ದರು. "ಏನ್ ಪಿಸುಪಿಸು, ಅರ್ಥ ಆಯ್ತಾ? ನಿಮ್ಮಕ್ಕಂದು ಸ್ನಾನದ ಮನೆ, ನಮ್ಮದು ಉಸಿರು ಕಟ್ಟಿಸೋ ಮನೆ" ಅಂದರು. ನನ್ನ ದನಿ ಕೇಳಿಸುವುದಿಲ್ಲವೆಂದು ನನಗೆ ಅವರಿಟ್ಟ ಹೆಸರು ಪಿಸುಪಿಸು.

ನಗು ಬಂತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

ಫೆಬ್ರುವರಿ 6, ಗುರುವಾರ

ಕಟ್ಟಡಕ್ಕೆ ಹೊರಗಿನಿಂದ ಬಣ್ಣ ಬಳಿಯುತ್ತಿದ್ದಾರೆ. ಬೆಳಿಗ್ಗೆ ಬಂದಾಗ ನಮ್ಮ ಕಡೆಯ ಕಿಟಕಿಗಳ ಮೇಲೆಲ್ಲ ದಪ್ಪ ನೀಲಿ ಟಾರ್ಪಾಲು ಇಳಿಬಿಟ್ಟಿದ್ದರು. ಮೇಸ್ತ್ರಿಯನ್ನು ಕೇಳಿದರೆ ಮೂರು ವಾರ ಅಂದ. ತೊಳೆಯುವ ಕೋಣೆ ಹಗಲಿನಲ್ಲೇ ಕತ್ತಲೆ. ಬಣ್ಣದ ವಾಸನೆಗೆ ತಲೆ ಸಿಡಿಯುತ್ತದೆ.

ಸ್ಲೈಡುಗಳೂ ಬೇಗ ಒಣಗುತ್ತಿಲ್ಲ. ಇಲ್ಲಿ ಒಂದು ಮಾತು ಬರೆದಿಡಬೇಕು, ಯಾರಿಗೂ ಹೇಳಿಲ್ಲ. ಜಾಲಿಸಿದ ಬಾಟಲಿ ಸ್ಲೈಡುಗಳನ್ನು ಬೀರುವಿನೊಳಗೆ ಇಡು ಎಂದು ಮೊದಲ ದಿನ ಹೇಳಿದ್ದರು. ಬೀರುವಿನಲ್ಲಿ ನೀರು ನಿಧಾನಕ್ಕೆ ಆರಿ ಬಿಳಿ ಉಂಗುರದ ಕಲೆ ಬೀಳುತ್ತದೆ. ಕಲೆಗೆ ಬೈಗುಳ ತಿಂದದ್ದು ನಾನು. ಅದಕ್ಕೆ ಸಂಜೆ ಹೋಗುವಾಗ ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗುತ್ತೇನೆ. ಬೆಳಗಿನ ಬಿಸಿಲು ನೇರ ಬೀಳುತ್ತದೆ. ಹತ್ತೂವರೆಗೆ ಎತ್ತಿ ಬೀರುವಿನಲ್ಲಿ ಸಾಲಾಗಿ ಜೋಡಿಸುತ್ತೇನೆ. ಅಕ್ಕ ಬರುವುದು ಹನ್ನೊಂದಕ್ಕೆ. ಒಂದು ಕಲೆಯೂ ಇಲ್ಲ. ಯಂತ್ರದ ಸ್ಲೈಡು ಒಣಗಿಕೊಂಡೇ ಹೊರಬರುತ್ತದೆ, ಪಂಪಣ್ಣನೇ ಡಬ್ಬಿಗೆ ಹಾಕಿ ಮುಚ್ಚುತ್ತಾರೆ, ನನಗೆ ಅದರ ಗೊಡವೆ ಇಲ್ಲ.

ಫೆಬ್ರುವರಿ 10, ಸೋಮವಾರ

ಹನಿ ನಿಂತಿತು.

ಬಾಟಲಿಯ ಸ್ಲೈಡಿನ ಮೇಲೆ. ಚಪ್ಪಟೆಯಾಗಬೇಕಾದ್ದು ಮಣಿಯಾಗಿ ಕೂತಿತು, ಯಂತ್ರದ್ದಕ್ಕಿಂತ ಗುಂಡಗೆ. ಅಕ್ಕ ಹನ್ನೆರಡು ಸ್ಲೈಡು ನೋಡಿದರು. ಹನ್ನೆರಡೂ ಹಾಗೇ. ಕುರ್ಚಿಯಿಂದ ಏಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಕೈಗೆ ಎಣ್ಣೆ ಗಿಣ್ಣೆ ಹಚ್ಕೊಂಡು ಬಂದ್ಯಾ?" ಅಂದರು.

ಇಲ್ಲ ಅಂದೆ. ಅವರಿಗೆ ಕೇಳಿಸಲಿಲ್ಲ ಅನ್ನಿಸುತ್ತದೆ.

ಫೆಬ್ರುವರಿ 12, ಬುಧವಾರ

ತೊಳೆದೆ. ಮತ್ತೆ ತೊಳೆದೆ. ಈಗ ಒಂದೊಂದಕ್ಕೂ ಎರಡು ಸಲ. ಹನಿ ನಿಂತೇ ಇದೆ.

ಫೆಬ್ರುವರಿ 14, ಶುಕ್ರವಾರ

ಪ್ರೊಫೆಸರ್ ಬಂದರು. ಅಕ್ಕನ ಗುರುಗಳು, ದೊಡ್ಡವರು, ತೊಳೆಯುವ ಕೋಣೆಗೆ ಬಂದದ್ದು ಇದೇ ಮೊದಲು. ಬಣ್ಣದ ವಾಸನೆಯಿಂದಿರಬಹುದಾ ಎಂದು ಅಕ್ಕ ಕೇಳಿದರು. "ಯಂತ್ರದ ಸ್ಲೈಡುಗಳೂ ಇದೇ ಗಾಳಿಯಲ್ಲಿವೆ, ಅವು ಬದಲಾಗಿಲ್ಲ. ಬದಲಾಗಿರೋದು ಈ ಕೋಣೆಯಿಂದ ಬಂದವು ಮಾತ್ರ" ಅಂದರು ಪ್ರೊಫೆಸರ್. ಸಿಂಕನ್ನು ನೋಡಿದರು, ನನ್ನ ಕೈ ನೋಡಿದರು. ನನ್ನ ಮುಖ ನೋಡಲಿಲ್ಲ.

ಹೋಗುವಾಗ ಬಾಗಿಲ ಹತ್ತಿರ ಅಕ್ಕನಿಗೆ ಹೇಳಿದ್ದು ನನಗೂ ಕೇಳಿಸಿತು. "ತಿಂಗಳ ಕೊನೆಗೆ ತೊಳೆಯೋಕೆ ಬೇರೆಯವರನ್ನ ನೋಡೋಣ. ನೀವು ಅಷ್ಟರಲ್ಲಿ ಮತ್ತೆ ಮಾಡಿ."

ಅಕ್ಕ ಏನಾದರೂ ಹೇಳುತ್ತಾರೆಂದು ಕಾದೆ. ಹೂಂ ಅಂದರು.

ಫೆಬ್ರುವರಿ 17, ಸೋಮವಾರ

ಭಾನುವಾರ ಅಮ್ಮನಿಗೆ ಹೇಳಿದೆ. ಅಮ್ಮ ನವೆಂಬರಿನಲ್ಲಿ ಜಾರಿ ಬಿದ್ದಾಗಿನಿಂದ ಮಂಡಿ ಮಡಚಲಾಗದೆ ಮಂಚದ ಮೇಲೆ ಕಾಲು ಚಾಚಿಕೊಂಡು ದರ್ಜಿಯವನ ಬಟ್ಟೆಗಳಿಗೆ ಗುಂಡಿ ಹೊಲಿಯುತ್ತಾಳೆ. ಹಲ್ಲಿನಲ್ಲಿ ದಾರ ಕಡಿದು, "ನೀನು ತಪ್ಪು ಮಾಡಿದ್ಯಾ?" ಅಂದಳು.

"ಇಲ್ಲ."

"ಹಾಗಂತ ಅವರಿಗೆ ಹೇಳಿದ್ಯಾ?"

ಗುಂಡಿಗಳ ಡಬ್ಬಿಯನ್ನು ಅವಳ ಹತ್ತಿರಕ್ಕೆ ಸರಿಸಿದೆ.

"ಬಾಯಿಗೆ ಬೀಗ ಜಡ್ಕೊಂಡೇ ಹುಟ್ಟಿದ್ದು ನೀನು. ಶಾಲೇಲೂ ಹೀಗೇ. ಪಾಠ ಓದು ಅಂದ್ರೆ ಕಂಬದ ಥರ ನಿಲ್ತಿದ್ದೆ. ಮೇಷ್ಟ್ರು ಬಂದು ಇವಳಿಗೆ ಓದೋಕೇ ಬರಲ್ಲ ಅಂದ್ರು. ಮನೇಲಿ ಪೊಟ್ಟಣ ಕಟ್ಟಿದ ಕಾಗದ ಬಿಡದೆ ಓದ್ತಿದ್ದೆ ನೀನು. ನಾನು ಎಷ್ಟು ಹೇಳಿದ್ರೂ ನಂಬಲಿಲ್ಲ ಆ ಪುಣ್ಯಾತ್ಮ."

ಈ ಕೆಲಸ ಹೋದರೆ ಮುಂದೇನು ಎಂದು ಅಮ್ಮ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮೂರು ಮಹಡಿ ಹತ್ತಿ ಬಂದು ಕೂತಿದ್ದೇನೆ.

ಫೆಬ್ರುವರಿ 18, ಮಂಗಳವಾರ

ಟಾರ್ಪಾಲಿನ ಹಿಂದೆ ಕಿಟಕಿ ಕಟ್ಟೆ ಒದ್ದೆಯಾಗಿ ಬೂಷ್ಟು ಹಿಡಿಯುತ್ತಿದೆ. ನಿನ್ನೆಯ ಟ್ರೇ ಬೆಳಿಗ್ಗೆಯೂ ಒಣಗಿರಲಿಲ್ಲ. ಅದಕ್ಕೆ ಎಂಟೂ ಹತ್ತಕ್ಕೆ ಅದನ್ನು ಮೆಟ್ಟಿಲ ತಿರುವಿನ ಕಿಟಕಿಗೆ ತಂದಿಟ್ಟೆ. ಇಲ್ಲಿಗೆ ಬಣ್ಣದವರು ಇನ್ನೂ ಬಂದಿಲ್ಲ. ಓಡಾಡುವವರ ಧೂಳು ಬೀಳಬಾರದೆಂದು ಸ್ಟೀಲಿನ ಮುಚ್ಚಳ ಮುಚ್ಚಿದೆ. ಪೂರ್ತಿ ಮುಚ್ಚಿದರೆ ಆರುವುದಿಲ್ಲವೆಂದು ಅರ್ಧ ಸರಿಸಿದೆ.

ಈಗ ಒಂದು ಗಂಟೆ. ಊಟವಾಯಿತು. ಟ್ರೇ ಪಕ್ಕದಲ್ಲೇ ಇದೆ. ಒಣಗಿದೆ. ಎರಡನೆಯ ಸಲ ತೊಳೆಯಲು ಒಯ್ಯಬೇಕು. ಯಾಕೆ ತೊಳೆಯುತ್ತಿದ್ದೇನೋ.

ಫೆಬ್ರುವರಿ 19, ಬುಧವಾರ

ನಿನ್ನೆ ಊಟದ ನಂತರ ಕಂಡದ್ದನ್ನು ನಿನ್ನೆಯೇ ಬರೆಯಲಾಗಲಿಲ್ಲ. ಇವತ್ತು ನಿಧಾನವಾಗಿ ಬರೆಯುತ್ತೇನೆ.

ಮೆಟ್ಟಿಲ ಕಿಟಕಿಯಿಂದ ತಂದ ಟ್ರೇಯ ಮೊದಲ ಸ್ಲೈಡನ್ನು ಚಿಮಟದಲ್ಲಿ ಹಿಡಿದು ನೀರಿನಲ್ಲಿ ಮುಳುಗಿಸಿ ಎತ್ತಿದೆ. ಒಂದು ಅರ್ಧದ ಮೇಲೆ ನೀರು ಹಾಳೆ ಹಾಸಿದಂತೆ ಉಳಿಯಿತು. ಇನ್ನೊಂದು ಅರ್ಧದಿಂದ ಸರಕ್ಕನೆ ಜಾರಿ ಹೋಗಿ ನಾಲ್ಕೈದು ಮಣಿ ಮಾತ್ರ ಉಳಿದವು. ನಡುವೆ ಗೆರೆ, ಅಳತೆಕೋಲು ಇಟ್ಟು ಎಳೆದಷ್ಟು ನೇರ. ಎರಡನೆಯ ಸ್ಲೈಡೂ ಹಾಗೇ. ಹತ್ತಕ್ಕೆ ಹತ್ತೂ. ಎಲ್ಲವನ್ನೂ ಟ್ರೇಯಲ್ಲಿ ಮೊದಲಿದ್ದಂತೆ ಜೋಡಿಸಿದೆ. ಗೆರೆಗೆ ಗೆರೆ ಕೂಡಿ ಒಂದೇ ಉದ್ದ ಗೆರೆಯಾಯಿತು. ಮುಚ್ಚಳ ತಂದು ಅದೇ ಜಾಗಕ್ಕೆ ಹಿಡಿದೆ. ಮುಚ್ಚಳದ ಅಂಚು ಗೆರೆಯ ಮೇಲೆ ಕೂತಿತು.

ಬಿಸಿಲು ಬಿದ್ದ ಅರ್ಧ ನೀರನ್ನು ಹಿಡಿದುಕೊಂಡಿದೆ. ನೆರಳಿನ ಅರ್ಧ ಬಿಟ್ಟಿದೆ.

ಒಂದೇ ಗಾಜು. ಒಂದೇ ಬಾಟಲಿಯಲ್ಲಿ ಬೆಳೆದದ್ದು. ತೊಳೆದದ್ದೂ ಒಂದೇ ಕೈ. ಹಾಗಿದ್ದರೆ ತೊಳೆದದ್ದು ಸರಿಯಾಗಿಯೇ ಇದೆ!

ಮೊದಲು ಕುಣಿಯಬೇಕು ಅನ್ನಿಸಿತು. ಆಮೇಲೆ ಸಿಂಕಿನ ಅಂಚು ಹಿಡಿದುಕೊಂಡೆ.

ಫೆಬ್ರುವರಿ 20, ಗುರುವಾರ

ಹೇಳಲಿಲ್ಲ.

ಹೇಳಿದರೆ ಬಿಸಿಲು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಐದು ತಿಂಗಳು ಬಾಟಲಿಯ ಸ್ಲೈಡುಗಳು ಬೆಳಗಿನ ಬಿಸಿಲು ಕುಡಿದು ಅಕ್ಕನ ಕೈಗೆ ಹೋದವು. ಯಂತ್ರದವು ಡಬ್ಬಿಯ ಕತ್ತಲಲ್ಲಿದ್ದವು. ಪದರ ಕೂರಿಸುವ ಬಗೆಯಿಂದ ಬಂದ ವ್ಯತ್ಯಾಸ ಎಂದು ಅಕ್ಕ ಬರೆದಿಟ್ಟದ್ದು ನನ್ನ ಕಿಟಕಿ ಕಟ್ಟೆಯ ವ್ಯತ್ಯಾಸ. ತೊಳೆಯಲು ಬಾರದವಳು ಎಂದು ಕಳಿಸುವುದು ಬೇರೆ. ಹೇಳಿದ ಕಡೆ ಇಡದೆ ಐದು ತಿಂಗಳ ಕೆಲಸ ಹಾಳು ಮಾಡಿದವಳು ಎಂದು ಕಳಿಸುವುದು ಬೇರೆ. ಹಾಗೆ ಹೊರಬಿದ್ದವಳನ್ನು ಯಾವ ಲ್ಯಾಬು ಬಾಗಿಲೊಳಗೆ ಬಿಡುತ್ತದೆ?

ಇನ್ನೊಂದು ದಾರಿಯೂ ಇದೆ. ಟ್ರೇಯನ್ನು ದಿನಾ ಮೆಟ್ಟಿಲ ಕಿಟಕಿಯಲ್ಲಿಟ್ಟರೆ ಸಾಕು. ಹನಿ ಮತ್ತೆ ಚಪ್ಪಟೆಯಾಗುತ್ತದೆ. ಅಕ್ಕ ನಗುತ್ತಾರೆ. ಮಾರ್ಚ್ ಕೊನೆಗೆ ಥೀಸಿಸ್ ಕೊಡುತ್ತಾರೆ. ನನ್ನ ಕೆಲಸವೂ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಫೆಬ್ರುವರಿ 21, ಶುಕ್ರವಾರ

ಬೆಳಿಗ್ಗೆ ಮೆಟ್ಟಿಲ ಕಿಟಕಿಯಲ್ಲಿ ಟ್ರೇ ಇಟ್ಟೆ. ಹತ್ತು ನಿಮಿಷ ಅದರ ಮುಂದೆ ನಿಂತೆ. ವಾಪಸು ತಂದು ಬೀರುವಿನಲ್ಲಿಟ್ಟೆ.

ಹನಿ ನಿಂತಿತು. ಅಕ್ಕ ಊಟಕ್ಕೆ ಹೋಗಲಿಲ್ಲ. ಕಣ್ಣಿನ ಕೆಳಗೆ ಕಪ್ಪು. "ನನ್ನ ಹಣೆಬರಹನೇ ಇಷ್ಟು ಬಿಡು" ಅಂದರು, ನನಗಲ್ಲ, ಕಂಪ್ಯೂಟರಿಗೆ.

ಫೆಬ್ರುವರಿ 24, ಸೋಮವಾರ

ಹೇಳಿದೆ.

ಬಾಯಿಂದ ಆಗುವುದಿಲ್ಲವೆಂದು ಗೊತ್ತಿತ್ತು. ಅದಕ್ಕೆ ಬೆಳಿಗ್ಗೆ ಎಂಟೂ ಐದಕ್ಕೆ ಒಂದು ಸ್ಲೈಡನ್ನು ಮೆಟ್ಟಿಲ ಕಿಟಕಿಯಲ್ಲಿ ಅರ್ಧ ಮುಚ್ಚಿಟ್ಟೆ. ಅಕ್ಕ ಬಂದ ಮೇಲೆ ಒಂದು ಬೀಕರು ನೀರು, ಚಿಮಟ, ಸ್ಲೈಡು ತೆಗೆದುಕೊಂಡು ಹೋಗಿ ಅವರ ಮೇಜಿನ ಮುಂದೆ ನಿಂತೆ.

"ಏನೇ?"

ಮುಳುಗಿಸಿ ಎತ್ತಿ ತೋರಿಸಿದೆ. ಅಕ್ಕ ನೋಡಿದರು. ಚಿಮಟ ಕಿತ್ತುಕೊಂಡು ತಾವೇ ಮುಳುಗಿಸಿದರು. ಮೂರು ಸಲ.

"ಇದೇನ್ ಮಾಡ್ದೆ ಇದಕ್ಕೆ?"

"ಬಿಸಿಲಿಗೆ ಇಟ್ಟೆ. ಈ ಅರ್ಧ ಮುಚ್ಚಿದ್ದೆ." ಆಮೇಲೆ ಉಳಿದದ್ದೂ ಬಂತು. ಕಲೆ, ಕಿಟಕಿ ಕಟ್ಟೆ, ಹತ್ತೂವರೆ, ಬೀರು. ನೆಲ ನೋಡಿಕೊಂಡು ಹೇಳಿದೆ. ಹೇಳುವಾಗ ಅಕ್ಕನ ಚಪ್ಪಲಿಯ ಪಟ್ಟಿ ಒಂದು ಕಡೆ ಬಿಟ್ಟಿರುವುದು ಕಾಣಿಸಿತು.

ಅಕ್ಕ ಸ್ಲೈಡನ್ನು ಬೆಳಕಿಗೆ ಹಿಡಿದರು. "ಬಿಸಿಲು ಬಿದ್ದರೆ ಇದರ ಮೈ ನೀರನ್ನ ಕರೆಯುತ್ತೆ, ಕತ್ತಲಲ್ಲಿ ಇಟ್ಟರೆ ಮತ್ತೆ ದೂರ ಇಡುತ್ತೆ. ಪುಸ್ತಕದಲ್ಲಿ ಇದೆ ಕಣೆ. ನಾನೇ ಓದಿದ್ದೀನಿ. ನನ್ನವು ಬೀರುವಿನಲ್ಲಿವೆ ಅಂದ್ಕೊಂಡಿದ್ದೆ" ಅಂದರು. ಆಮೇಲೆ ತಮ್ಮ ದಪ್ಪ ಪುಸ್ತಕ ತೆಗೆದು ಹಾಳೆ ಮಗುಚಿದರು.

"ನವೆಂಬರ್ ಹನ್ನೊಂದು, ಹನ್ನೆರಡು. ನೀನು ಬಂದಿರಲಿಲ್ಲ ಅಲ್ವಾ?"

"ಅಮ್ಮ ಬಿದ್ದಿದ್ಲು."

"ಆ ಎರಡು ದಿನ ನಾನೇ ಜಾಲಿಸಿ ಬೀರುವಿನಲ್ಲಿಟ್ಟೆ. ಹನಿ ನಿಂತಿತ್ತು. ಕೆಟ್ಟ ಬ್ಯಾಚ್ ಅಂತ ಬರೆದು ಎಸೆದುಬಿಟ್ಟೆ." ನಕ್ಕರು. ಕೇಳಲು ಕಷ್ಟವಾಗುವ ನಗು. "ಇದ್ದಿದ್ದರಲ್ಲಿ ಸರಿಯಾಗಿದ್ದದ್ದು ಅವೆರಡೇ."

ನಾನು ಅಳಲಿಲ್ಲ. ಅಕ್ಕ ಬಾತ್‌ರೂಮಿಗೆ ಹೋಗಿ ಬಂದರು, ಮುಖ ಒದ್ದೆಯಾಗಿತ್ತು.

ಫೆಬ್ರುವರಿ 26, ಬುಧವಾರ

ಪ್ರೊಫೆಸರ್ ಕೋಣೆಗೆ ಕರೆದರು. ಅಕ್ಕ, ಪಂಪಣ್ಣ, ನಾನು. ಅಲ್ಲಿ ಕುರ್ಚಿಗಳಿಗೆ ಮೆತ್ತೆ ಇದೆ. ನಾನು ಕೂರಲಿಲ್ಲ.

ಟಾರ್ಪಾಲು ಯಾವಾಗ ಬಂತು, ಯಾವ ಟ್ರೇ ಎಲ್ಲಿ ಎಷ್ಟು ಹೊತ್ತಿತ್ತು, ಬರೆದಿಟ್ಟವರು ಯಾರಾದರೂ ಇದ್ದಾರಾ ಎಂದು ಕೇಳಿದರು. ಅಕ್ಕ ಇಲ್ಲವೆಂದು ತಲೆ ಆಡಿಸಿದರು. ಪಂಪಣ್ಣ, "ಯಂತ್ರದ್ದಾದ್ರೆ ಇದೆ ಸರ್, ಕಿಟಕಿದು ಯಾರು ಬರೀತಾರೆ?" ಅಂದರು.

"ನನ್ನ ಹತ್ರ ಇದೆ" ಅಂದೆ.

ಎಲ್ಲರೂ ತಿರುಗಿದರು. ಚೀಲದಿಂದ ಈ ಪುಸ್ತಕ ತೆಗೆದೆ. ಪ್ರೊಫೆಸರ್ ಕೈ ಚಾಚಿದರು. ಕೊಡಲಿಲ್ಲ. "ಅಕ್ಷರ ನಿಮಗೆ ತಿಳಿಯಲ್ಲ ಸರ್. ನಾನೇ ಓದ್ತೀನಿ."

ಓದಿದೆ. ಆರನೆಯ ತಾರೀಖು ಟಾರ್ಪಾಲು. ಹದಿನೆಂಟನೆಯ ತಾರೀಖು ಎಂಟೂ ಹತ್ತರಿಂದ ಒಂದು ಗಂಟೆ. ಮುಚ್ಚಳ ಅರ್ಧ. ಹತ್ತು ಸ್ಲೈಡು, ಹತ್ತರಲ್ಲೂ ಗೆರೆ. ನಡುನಡುವೆ ಬಿಟ್ಟು ಬಿಟ್ಟು ಓದುತ್ತಿದ್ದೆ.

"ಹದಿನಾಲ್ಕನೇ ತಾರೀಖು ಯಾಕೆ ಬಿಟ್ಟೆ?" ಹಾಳೆಯ ಮೇಲೆ ಕಣ್ಣಿಟ್ಟಿದ್ದ ಪ್ರೊಫೆಸರ್ ಕೇಳಿದರು.

"ಅದು ತಮ್ಮ ವಿಷಯ ಸರ್."

ಪಂಪಣ್ಣನಿಗೆ ಕೆಮ್ಮು ಬಂತು. ಅಕ್ಕ ಕಿಟಕಿಯ ಹೊರಗೆ ನೋಡಿದರು. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬೀರುವಿನಲ್ಲಿ ಇಡು ಅಂದ್ರೆ ಬೀರುವಿನಲ್ಲೇ ಇಡ್ಬೇಕು. ಕಲೆ ಬೀಳುತ್ತೆ ಅಂತಿದ್ರೆ ಹೇಳ್ಬೇಕಿತ್ತು."

"ಯಾರಿಗೆ ಸರ್?"

ಎದುರುತ್ತರ ಕೊಟ್ಟದ್ದಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ಅವರು "ಸರಿ, ಕೆಲಸ ನೋಡ್ಕೋ" ಅಂದರು. ತಿಂಗಳ ಕೊನೆಯವರೆಗೋ, ಆಮೇಲೂನೋ, ಹೇಳಲಿಲ್ಲ. ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಂಪಣ್ಣ ಇಳಿಯುತ್ತ ನಿಂತು, "ಇನ್ಮೇಲೆ ಪಿಸುಪಿಸು ಅನ್ನಂಗಿಲ್ಲ ನಿನ್ನ. ಬೇರೆ ಹೆಸರು ಹುಡುಕ್ಬೇಕು, ನನಗೊಂದು ಕೆಲಸ ಜಾಸ್ತಿ ಮಾಡ್ದೆ" ಅಂದರು.

ಮಾರ್ಚ್ 3, ಸೋಮವಾರ

ತೊಳೆಯಲು ಬೇರೆ ಯಾರೂ ಬರಲಿಲ್ಲ. ಬಂದೇ ಬರುತ್ತಾರೆಂದು ಎಂಟಕ್ಕೇ ಬಂದು ಸಿಂಕನ್ನು ಉಜ್ಜಿಟ್ಟು ಕಾದಿದ್ದೆ. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಕ್ಕೆ ಅಕ್ಕ ಬಂದು, "ಏನ್ ನಿಂತಿದ್ದೀಯ? ಮೂವತ್ತು ಸ್ಲೈಡು ಬೇಕು" ಅಂದರು.

ಹಾಗೆ ಗೊತ್ತಾಯಿತು.

ಮಾರ್ಚ್ 6, ಗುರುವಾರ

ಅಕ್ಕ ಎಲ್ಲ ಮೊದಲಿಂದ ಮಾಡುತ್ತಿದ್ದಾರೆ. ಎರಡೂ ಬಗೆಯ ಸ್ಲೈಡುಗಳಲ್ಲಿ ಅರ್ಧದಷ್ಟನ್ನು ಕತ್ತಲಲ್ಲಿ, ಉಳಿದರ್ಧವನ್ನು ಬಿಸಿಲಿನಲ್ಲಿ ಇಡುತ್ತಾರೆ. ಕತ್ತಲಲ್ಲಿ ಎರಡರ ಮೇಲೂ ಹನಿ ನಿಲ್ಲುತ್ತದೆ, ಬಾಟಲಿಯದ್ದರ ಮೇಲೆ ಇನ್ನೂ ಗುಂಡಗೆ. ಬಿಸಿಲಿಗಿಟ್ಟರೆ ಎರಡರ ಮೇಲೂ ಹರಡುತ್ತದೆ, ಬಾಟಲಿಯದ್ದರ ಮೇಲೆ ಪೂರ್ತಿ, ಯಂತ್ರದ್ದರ ಮೇಲೆ ಅರೆಮನಸ್ಸಿನಿಂದ. ಆ ಸಣ್ಣ ಕಡ್ಡಿಗಳ ಹುಲ್ಲು ಇರುವುದರಿಂದ ಅದು ಏನು ಮಾಡಿದರೂ ಹೆಚ್ಚೇ ಮಾಡುತ್ತದೆ ಎಂದರು ಅಕ್ಕ. ಕೂರಿಸುವ ಬಗೆಗೂ ಪಾಲಿದೆ, ಆದರೆ ಅವರು ಅಂದುಕೊಂಡ ಪಾಲಲ್ಲ.

ಮಾರ್ಚ್ ಕೊನೆಗೆ ಥೀಸಿಸ್ ಇಲ್ಲ. ಮನೆಗೆ ಫೋನಿನಲ್ಲಿ "ಇನ್ನೂ ಆರು ತಿಂಗಳು ಅಪ್ಪಾ" ಅನ್ನುತ್ತಿದ್ದರು. ಆ ಕಡೆಯ ಗದರಿಕೆ ನನಗೂ ಕೇಳಿಸಿತು. ಫೋನಿಟ್ಟು ನನ್ನ ಕಡೆ ನೋಡಿದರು. ಈಗ ಬೈಯುತ್ತಾರೆ ಅಂದುಕೊಂಡೆ.

"ನೀನು ದಿನಾ ಮೆಟ್ಟಿಲ ಕಿಟಕೀಲಿ ಇಟ್ಟಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಅಲ್ವಾ?"

"ಇಲ್ಲ."

"ಇಡಬೇಕು ಅನ್ನಿಸ್ತಾ?"

"ಅನ್ನಿಸ್ತು. ಒಂದು ದಿನ ಇಟ್ಟೂ ಇಟ್ಟೆ. ಹತ್ತು ನಿಮಿಷ."

ಅಕ್ಕ ತಲೆ ಆಡಿಸಿದರು. ಇಬ್ಬರಿಗೂ ಸುಸ್ತಾಗಿತ್ತು. ಅವರು ತಮ್ಮ ಫ್ಲಾಸ್ಕಿನ ಚಹಾವನ್ನು ಎರಡು ಬೀಕರಿಗೆ ಬಗ್ಗಿಸಿದರು. ತೊಳೆದ ಬೀಕರೇ, ನಾನೇ ತೊಳೆದದ್ದು. ಆದರೂ ಲ್ಯಾಬಿನ ಬೀಕರಿನಲ್ಲಿ ಕುಡಿಯಬಾರದು ಅಂದೆ. ಅಕ್ಕ ನಕ್ಕು ಅದನ್ನು ಚೆಲ್ಲಿದರು. ಉಳಿದದ್ದನ್ನು ಫ್ಲಾಸ್ಕಿನ ಮುಚ್ಚಳದಲ್ಲೇ ಸರದಿಯ ಮೇಲೆ ಕುಡಿದೆವು.

ಮಾರ್ಚ್ 10, ಸೋಮವಾರ

ಟಾರ್ಪಾಲು ಬಿಚ್ಚಿದ್ದಾರೆ. ಬಣ್ಣದವರು ಕಿಟಕಿ ಗಾಜಿನ ಮೇಲೆಲ್ಲ ಚುಕ್ಕೆ ಚೆಲ್ಲಿ ಹೋಗಿದ್ದರು. ಬ್ಲೇಡಿನಿಂದ ಕೆರೆದು ತೆಗೆದೆ. ಕೈ ನೋಯುತ್ತಿದೆ. ಅಮ್ಮನಿಗೆ ನಿನ್ನೆ ಮಂಡಿ ಸ್ವಲ್ಪ ಮಡಚಲು ಬಂತು.

ಟ್ರೇಗಳ ಮೇಲಿನ ಚೀಟಿಯನ್ನು ಯಾವಾಗಲೂ ಅಕ್ಕನೇ ಬರೆಯುವುದು, ಈಗ ಅದಕ್ಕಾಗಿ ಎಂಟಕ್ಕೇ ಬರುತ್ತಾರೆ. ಇವತ್ತು ಅವರು ಬರುವುದು ತಡವೆಂದು ಹೇಳಿದ್ದರು. ಬಿಸಿಲು ಕಾಯುವುದಿಲ್ಲ. ಬೆಳಿಗ್ಗೆ ಒಂದು ಟ್ರೇಯನ್ನು ಕರಿ ಕಾಗದ ಸುತ್ತಿ ಬೀರುವಿನಲ್ಲಿಟ್ಟೆ. ಇನ್ನೊಂದನ್ನು ಕಿಟಕಿ ಕಟ್ಟೆಯ ಮೇಲಿಟ್ಟು, ಪೆನ್ನು ತೆಗೆದುಕೊಂಡು ಚೀಟಿಯ ಮೇಲೆ ದೊಡ್ಡದಾಗಿ ಬರೆದೆ: ಬಿಸಿಲು. ಇಟ್ಟದ್ದು ಎಂಟೂ ಹನ್ನೆರಡು. ತೆಗೆದದ್ದು, ಎಂದು ಬರೆದು ಅದರ ಮುಂದೆ ಜಾಗ ಬಿಟ್ಟು, ಚೀಟಿ ಅಂಟಿಸಿ, ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದೆ.